ಕೆಂಪು ಬಿಯರ್‌ನಲ್ಲಿ ಆಲೆಮನೆ ವಾಸನೆ: ಐರಿಷ್ ರೆಡ್ ಏಲ್ ಕುಡಿದು ನೋಡಿದೆವು

[ಮೈಸೂರಿನ ಮನೆ, ಅಡುಗೆಮನೆ ಮೇಜು. ಒಂದು ಖಾಲಿ ಬಾಟಲಿ, ಒಂದು ತುಂಬಿದ ಬಾಟಲಿ, ಪೇಪರ್‌ನಲ್ಲಿ ಕಟ್ಟಿದ ಮದ್ದೂರು ವಡೆ.]

ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ಈ ವಿಡಿಯೋ 21 ದಾಟಿದವರಿಗೆ ಮಾತ್ರ. ಉಳಿದವರು ಒಂದು ಮದ್ದೂರು ವಡೆ ತಿಂದುಕೊಂಡು ಬನ್ನಿ, ಅದೇನೂ ಕಮ್ಮಿ ಸುಖವಲ್ಲ.

ಡಬ್ಲಿನ್‌ನಲ್ಲಿ ಓದುತ್ತಿರುವ ನಮ್ಮ ಚಿಕ್ಕಪ್ಪನ ಮಗ ರಜೆಗೆ ಬಂದಿದ್ದಾನೆ. ಸ್ವೆಟರ್ ಒಳಗೆ ಸುತ್ತಿ ಎರಡು ಬಾಟಲಿ ತಂದಿದ್ದ. ಸ್ಮಿಡಿಕ್ಸ್ ರೆಡ್ ಏಲ್. ಏಲ್ ಅಂದರೆ ಬೆಚ್ಚಗಿನ ಹದದಲ್ಲಿ ಹುಳಿ ಬರಿಸುವ ಒಂದು ಬಗೆಯ ಬಿಯರ್. ಲೇಬಲ್ ಮೇಲೆ ಇರುವುದು ‘ಸ್ಮಿತ್‌ವಿಕ್ಸ್’ ಅಂತ. ಆದರೆ ಅಲ್ಲಿಯವರು ನಡುವಿನ ಅಕ್ಷರ ನುಂಗಿಬಿಡುತ್ತಾರಂತೆ. ಬರೆದ ಹಾಗೇ ಓದುವ ನಮಗೆ ಇದೊಂದು ಹಿಂಸೆ.

ಮೊದಲ ಬಾಟಲಿ ಹಾಳು ಮಾಡಿದ್ದು ನಾನೇ. ಬಿಯರ್ ಅಂದರೆ ಚಿಲ್ಡ್ ಇರಬೇಕು, ಅಲ್ವಾ? ಫ್ರೀಜರ್‌ಗೆ ತಳ್ಳಿ, ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಮಾಡಿ ಕುಡಿದೆ. ಸೋಡಾಗೆ ಬಣ್ಣ ಹಾಕಿದ ಹಾಗಿತ್ತು. ತಮ್ಮ ನನ್ನ ಮುಖ ನೋಡಿ, "ಅಣ್ಣ, ಐಸ್‌ಕ್ಯಾಂಡಿ ಚೀಪಿದ ಬಾಯಲ್ಲಿ ಕಾಫಿ ರುಚಿ ಗೊತ್ತಾಗುತ್ತಾ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಅದಕ್ಕೇ ಎರಡನೆಯದನ್ನು ಫ್ರಿಜ್‌ನಿಂದ ತೆಗೆದು 20 ನಿಮಿಷ ಸುಮ್ನೆ ಮೇಜಿನ ಮೇಲೆ ಬಿಟ್ಟಿದ್ದೇವೆ. 8ರಿಂದ 10 ಡಿಗ್ರಿ ಆಸುಪಾಸು ಇದ್ದರೆ ಸಾಕು. ಲೋಟವನ್ನು ಬರೀ ಬಿಸಿನೀರಲ್ಲಿ ತೊಳೆದಿದ್ದೇನೆ. ಸೋಪಿನ ಜಿಡ್ಡು ಉಳಿದಿದ್ದರೆ ನೊರೆ ನಿಲ್ಲುವುದಿಲ್ಲ.

[ಕ್ಲೋಸಪ್: ಲೋಟ ಓರೆ ಹಿಡಿದು ಸುರಿಯುವುದು. ಆಮೇಲೆ ಕಿಟಕಿ ಬೆಳಕಿಗೆ.]

ನೋಡಿ ಬಣ್ಣ. ಲೋಟ ಕೆಳಗಿಟ್ಟಾಗ ಬರೀ ಕಂದು. ಬೆಳಕಿಗೆ ಎತ್ತಿ ಹಿಡಿದರೆ ಕೆಂಪು ಎದ್ದು ಬರುತ್ತದೆ. ಹುಣಸೆಹಣ್ಣು ಹಾಕಿ ಆಗಷ್ಟೇ ತಿಕ್ಕಿದ ತಾಮ್ರದ ಚೊಂಬು ಇರುತ್ತದಲ್ಲ, ಅದೇ. ಮೇಲಿನ ನೊರೆ ಬಿಳಿಯಲ್ಲ, ಕೆನೆ ಬಣ್ಣ.

ಈ ಕೆಂಪು ಎಲ್ಲಿಂದ ಬಂತು? ಹಣ್ಣು ಹಾಕಿಲ್ಲ. ಇದರ ಹಿಂದೆ ಇರುವುದು ಬಾರ್ಲಿ, ನಮ್ಮ ಅಜ್ಜಿಯರು ಜವೆಗೋಧಿ ಅನ್ನುತ್ತಿದ್ದ ಕಾಳು. ರಾಗಿ ಮಾಲ್ಟ್ ಮಾಡುವುದು ನೋಡಿದ್ದೀರಾ? ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸುತ್ತೇವೆ. ಬಾರ್ಲಿಗೂ ಹಾಗೇ ಮಾಡಿದರೆ ಬಿಯರ್‌ನ ಮಾಲ್ಟ್. ರೆಡ್ ಏಲ್‌ಗೆ ಇದರ ಜೊತೆ ಇನ್ನೊಂದು ಸೇರುತ್ತದೆ: ಮೊಳಕೆ ಬರಿಸದ ಬಾರ್ಲಿಯನ್ನು ಕಾಫಿ ಬೀಜದ ಹಾಗೆ ಕಪ್ಪಗೆ ಹುರಿದದ್ದು. 4 ಕಿಲೋ ಮಾಲ್ಟ್‌ಗೆ 100 ಗ್ರಾಂ, ಅಷ್ಟೇ. ಆ ಒಂದೆರಡು ಹಿಡಿಯಿಂದಲೇ ಕೆಂಪು. ಕೈ ಜಾಸ್ತಿ ಆದರೆ ಬಣ್ಣ ಕಪ್ಪಿಗೆ ತಿರುಗಿ, ಗಿನ್ನೆಸ್ ಥರದ ಸ್ಟೌಟ್, ಅಂದರೆ ಕಪ್ಪು ಬಿಯರ್ ಕಡೆಗೆ ಹೋಗಿಬಿಡುತ್ತದೆ.

ಇನ್ನು ಸಿಹಿಯ ವಿಷಯ. ಇಲ್ಲಿ ಮಂಡ್ಯದವನಾಗಿ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ತಡೆದುಕೊಳ್ಳಿ. ಕೆಂಪು ಏಲ್‌ಗಳಿಗೆ ಸಾಮಾನ್ಯವಾಗಿ ಕ್ರಿಸ್ಟಲ್ ಮಾಲ್ಟ್ ಅನ್ನುವುದನ್ನೂ ಒಂದಿಷ್ಟು ಹಾಕುತ್ತಾರೆ. ಮೊಳಕೆ ಬಂದ ಕಾಳನ್ನು ಒಣಗಿಸದೆ, ಹಸಿಯಾಗಿರುವಾಗಲೇ ಬೆಚ್ಚಗೆ ಇಡುತ್ತಾರೆ. ಸಿಪ್ಪೆಯೊಳಗಿನ ಹಿಟ್ಟು ಅಲ್ಲೇ ಸಕ್ಕರೆಯಾಗಿ ಕರಗುತ್ತದೆ. ಆಮೇಲೆ ಶಾಖ ಏರಿಸಿದರೆ ಆ ಸಕ್ಕರೆ ಒಳಗೇ ಪಾಕವಾಗಿ ಗಟ್ಟಿಯಾಗುತ್ತದೆ. ಒಂದೊಂದು ಕಾಳೂ ಒಂದೊಂದು ಪುಟ್ಟ ಆಲೆಮನೆ! ಈಗ ಮೂಸಿ ನೋಡುತ್ತೇನೆ... ಹೌದು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಕುದ್ದು, ಇನ್ನೇನು ಇಳಿಸಬೇಕು ಅನ್ನುವಾಗ ಬರುವ ವಾಸನೆ. ಅದರ ಹಿಂದೆ ಬೇಕರಿ ರಸ್ಕ್.

[ಮೊದಲ ಗುಟುಕು. ಮಾತಿಲ್ಲ, ಐದು ಸೆಕೆಂಡ್.]

ಬಾಯಿಗೆ ಹಾಕಿದ ತಕ್ಷಣ ಕಡಲೆಮಿಠಾಯಿಯ ಪಾಕ. ನಡುವೆ ರಸ್ಕ್. ಇಷ್ಟು ಸಿಹಿ ಇದ್ದರೆ ನಾಲಿಗೆಗೆ ಅಂಟಬೇಕಿತ್ತು, ಆದರೆ ನುಂಗಿದ ಮೇಲೆ ಬಾಯಿ ಒಣಗಿದಂತಾಗುತ್ತದೆ. ಡಿಕಾಕ್ಷನ್ ಕೊನೆಯಲ್ಲಿ ಉಳಿಯುವ ಕಹಿಯ ನೆರಳು. ಆ 100 ಗ್ರಾಂ ಹುರಿದ ಬಾರ್ಲಿಯ ಎರಡನೇ ಕೆಲಸ ಇದು. ಬಿಯರ್‌ಗೆ ಕಹಿ ಕೊಡುವ ಹೂವು, ಹಾಪ್ಸ್, ಇದೆ, ಆದರೆ ಮುಂದೆ ಬಂದು ಗಲಾಟೆ ಮಾಡುವುದಿಲ್ಲ. ಲೇಬಲ್ ಪ್ರಕಾರ ಆಲ್ಕೋಹಾಲ್ 3.8 ಪರ್ಸೆಂಟ್. ನಮ್ಮಲ್ಲಿ ಸ್ಟ್ರಾಂಗ್ ಕೇಳುವವರಿಗೆ ಇದು ನೀರು ಅನ್ನಿಸಬಹುದು. ನನಗಂತೂ ಕಿಕ್‌ಗಿಂತ ಪಾಕ ಮುಖ್ಯ.

ಒಂದು ಎಚ್ಚರಿಕೆ. ಎಲ್ಲಾದರೂ ರೆಡ್ ಏಲ್ ತೆಗೆದುಕೊಂಡಾಗ ಸಿನಿಮಾ ಹಾಲ್ ಪಾಪ್‌ಕಾರ್ನ್ ಥರ ಬೆಣ್ಣೆ ವಾಸನೆ ಜೋರಾಗಿ ಬಂದರೆ, ಅದನ್ನು ಸ್ಟೈಲ್ ಅಂತ ಒಪ್ಪಿಕೊಳ್ಳಬೇಡಿ. ಹುಳಿಯುವಾಗ ಯೀಸ್ಟ್ ಆ ಬೆಣ್ಣೆ ರುಚಿಯನ್ನು ತಾನೇ ಹುಟ್ಟಿಸಿ, ಕೊನೆಗೆ ತಾನೇ ತಿಂದು ಮುಗಿಸುತ್ತದೆ. ಅವಸರದಲ್ಲಿ ಯೀಸ್ಟ್ ತೆಗೆದುಬಿಟ್ಟರೆ ಅದು ಹಾಗೇ ಉಳಿಯುತ್ತದೆ.

ಇತಿಹಾಸ ಚುಟುಕಾಗಿ. ಬಾಟಲಿಯ ಮೇಲಿರುವ 1710, ಐರ್ಲೆಂಡ್‌ನ ಕಿಲ್ಕೆನಿ ಊರಲ್ಲಿ ಈ ಬ್ರೂವರಿ ಶುರುವಾದ ವರ್ಷ. ಹಳೇ ಫ್ರಾನ್ಸಿಸ್ಕನ್ ಮಠದ ಜಾಗ ಅದು. 2013ರಲ್ಲಿ ಅಲ್ಲಿ ಮುಚ್ಚಿ, ತಯಾರಿಕೆಯನ್ನು ಡಬ್ಲಿನ್‌ಗೆ ಸಾಗಿಸಿದರು. ಇನ್ನೊಂದು ಕಥೆ ಮಜವಾಗಿದೆ. ಎನ್ನಿಸ್ಕಾರ್ತಿ ಅನ್ನುವ ಊರಿನ ಲೆಟ್ ಕುಟುಂಬದ ಬ್ರೂವರಿ 1956ರಲ್ಲೇ ಬಾಗಿಲು ಹಾಕಿತು. ಅವರ ಕೆಂಪು ಏಲ್ ಮಾತ್ರ ಫ್ರಾನ್ಸ್‌ಗೆ ಹೋಗಿ, ಆಮೇಲೆ ಅಮೆರಿಕದ ಕೂರ್ಸ್ ಕಂಪನಿಗೂ ಹೋಗಿ ‘ಕಿಲಿಯನ್ಸ್ ಐರಿಷ್ ರೆಡ್’ ಆಯಿತು. ಅಮೆರಿಕದಲ್ಲಿ ಅದು ಲಾಗರ್, ಅಂದರೆ ಬೇರೆ ಯೀಸ್ಟ್ ಹಾಕಿ ತಣ್ಣಗೆ ಹುಳಿ ಬರಿಸುವ ಬಿಯರ್, ಆಗಿಹೋಯಿತು. ಊರು ಬಿಟ್ಟ ಮೇಲೆ ಯೀಸ್ಟೂ ಬದಲು!

[ಮದ್ದೂರು ವಡೆ ಮುರಿಯುವ ಶಬ್ದ.]

ಜೊತೆಗೆ ತಿನ್ನಲು ತಮ್ಮ ಚೀಸ್ ತಂದಿದ್ದ. ನಾನು ವಡೆ ಮುರಿದೆ. ಎಣ್ಣೆಯಲ್ಲಿ ಕೆಂಪಗಾದ ಈರುಳ್ಳಿಯ ಸಿಹಿ, ಈ ಏಲ್‌ನ ಸಿಹಿ, ಎರಡೂ ಒಂದೇ ಮನೆಯವು. ಚೀಸ್ ಹಾಗೇ ಉಳಿಯಿತು.

ಅಪ್ಪ ಕುಡಿಯುವುದಿಲ್ಲ. ಹುಡುಗನಾಗಿದ್ದಾಗ ಪಾಂಡವಪುರದ ಕಡೆ ಆಲೆಮನೆಯಲ್ಲಿ ಒಲೆಗೆ ಸಿಪ್ಪೆ ಹಾಕಿದವರು. ಪೇಪರ್ ಮಡಚಿಟ್ಟು ಬಂದು, ಖಾಲಿ ಲೋಟ ಎತ್ತಿ ಮೂಸಿ, ತಮ್ಮನ ಕಡೆ ನೋಡಿದರು.

"ಪಾಕ ಒಂಚೂರು ಏರಿಬಿಟ್ಟಿದೆ ಕಣೋ."