ಕುಮಾನೊ ದಾರಿ, ಕಾವೇರಿ ದಾರಿ

ಕೇಳುಗ ಬಂಧುಗಳೇ, ನಮಸ್ಕಾರ.

ತುಲಾ ಸಂಕ್ರಮಣ ಹತ್ತಿರವಾಗುತ್ತಿದೆ. ಅಕ್ಟೋಬರ್ 17ರ ಆಸುಪಾಸಿನಲ್ಲಿ, ಪಂಚಾಂಗ ಹೇಳಿದ ಘಳಿಗೆಗೆ, ಕೊಡಗಿನ ತಲಕಾವೇರಿಯಲ್ಲಿ, ಕಾವೇರಿ ಹುಟ್ಟುವ ಕಿರುಕೊಳವಾದ ಕುಂಡಿಕೆಯಲ್ಲಿ ತೀರ್ಥೋದ್ಭವವಾಗುತ್ತದೆ. ಆ ಘಳಿಗೆ ನಡುರಾತ್ರಿಗೆ ಬಂದರೂ ಸರಿ, ಮಂಜು ಮುಸುಕಿದ ನಸುಕಿಗೆ ಬಂದರೂ ಸರಿ, ಸಾವಿರಾರು ಮಂದಿ ಬ್ರಹ್ಮಗಿರಿಯ ತಪ್ಪಲಿನಲ್ಲಿ ನಿಂತು ಕಾಯುತ್ತಾರೆ. ಭಾಗಮಂಡಲದಿಂದ ಮೇಲಕ್ಕೆ ಎಂಟು ಕಿಲೋಮೀಟರ್ ಉದ್ದಕ್ಕೂ ಬಸ್ಸು, ಜೀಪು, ಕಾರುಗಳ ಸಾಲು. ಆ ಸಾಲಿನ ಪಕ್ಕದಲ್ಲೇ ನಡೆದು ಹತ್ತುವವರೂ ಇದ್ದಾರೆ. ಕೊಡವರ ಉಡುಗೆಯಾದ ಕುಪ್ಯ ಚೇಲೆ ತೊಟ್ಟು, ದುಡಿ ಬಡಿಯುತ್ತಾ, ಕಾವೇರಮ್ಮೆಯನ್ನು ಕರೆಯುತ್ತಾ ಹೋಗುವ ತಂಡಗಳು ಈಚಿನ ವರ್ಷಗಳಲ್ಲಿ ಕಣ್ಣಿಗೆ ಬೀಳುತ್ತಿವೆ. ಅವರನ್ನು ಕಂಡಾಗಲೆಲ್ಲ ನನಗೆ ಹಿಗ್ಗಾಗುತ್ತದೆ. ಇಂದಿನ ಮಾತು ಅವರ ಬಗ್ಗೆ, ಅವರ ಕಾಲಡಿಯ ದಾರಿಯ ಬಗ್ಗೆ. ಆದರೆ ಆ ಮಾತಿಗೆ ಬರುವ ಮೊದಲು ನಿಮ್ಮನ್ನು ಜಪಾನಿನ ಒಂದು ಮಲೆನಾಡಿಗೆ ಕರೆದೊಯ್ಯಬೇಕಾಗಿದೆ.

ಜಪಾನಿನ ಹಳೆಯ ರಾಜಧಾನಿ ಕ್ಯೋಟೋ. ಅದರ ದಕ್ಷಿಣಕ್ಕೆ ಕಡಲಿನತ್ತ ಚಾಚಿಕೊಂಡಿರುವ ಭೂಭಾಗ ಕೀಯಿ. ಮಳೆ ಹೆಚ್ಚು, ಕಾಡು ದಟ್ಟ, ಬೆಟ್ಟದ ಹಿಂದೆ ಬೆಟ್ಟ, ನಡುವೆ ಆಳವಾದ ಹೊಳೆಯ ಕಣಿವೆಗಳು. ಅಲ್ಲಿನ ಕುಮಾನೊ ಎಂಬ ಸೀಮೆಯಲ್ಲಿ ಮೂರು ಮಹಾಕ್ಷೇತ್ರಗಳಿವೆ: ಹೊಂಗು, ಹಯಾತಮಾ, ನಾಚಿ. ಈ ಮೂರಕ್ಕೂ ಹೋಗುವ ಹಳೆಯ ಕಾಲುದಾರಿಗಳ ಜಾಲಕ್ಕೆ ಕುಮಾನೊ ಕೋಡೋ ಎಂದು ಹೆಸರು. ಸಾವಿರ ವರ್ಷದ ಹಿಂದೆ ಸಿಂಹಾಸನ ಬಿಟ್ಟ ಚಕ್ರವರ್ತಿಗಳು ಪರಿವಾರ ಸಮೇತ ಈ ದಾರಿ ತುಳಿದರು. ಗೋಶಿರಕಾವಾ ಎಂಬವರೊಬ್ಬರೇ ಮೂವತ್ತಕ್ಕೂ ಹೆಚ್ಚು ಬಾರಿ ಬಂದು ಹೋದರು. ಕ್ಯೋಟೋದಿಂದ ಹೋಗಿಬರಲು ಸುಮಾರು ಒಂದು ತಿಂಗಳು ಬೇಕಿತ್ತು. ಅರಮನೆಯವರ ಹಿಂದೆ ಯೋಧರು ಬಂದರು, ಯೋಧರ ಹಿಂದೆ ರೈತರು ಬಂದರು. ಹೆಂಗಸರಿಗೆ ಬಾಗಿಲು ಮುಚ್ಚಿದ ಪವಿತ್ರ ಬೆಟ್ಟಗಳು ಅಂದಿನ ಜಪಾನಿನಲ್ಲಿ ಹಲವಿದ್ದವು. ಕುಮಾನೊ ಮಾತ್ರ ಎಲ್ಲರನ್ನೂ ಬರಮಾಡಿಕೊಂಡಿತು. ಇರುವೆ ಸಾಲಿನಂತೆ ಜನ ಕುಮಾನೊಗೆ ಹೋಗುತ್ತಾರೆ ಎಂಬ ಮಾತು ಆ ಕಾಲದಿಂದಲೂ ಜಪಾನಿನಲ್ಲಿದೆ.

ದಾರಿಯ ಉದ್ದಕ್ಕೂ ಓಜಿ ಎಂಬ ಕಿರುಗುಡಿಗಳು. ತೊಂಬತ್ತೊಂಬತ್ತು ಎಂದು ಹೇಳುವ ರೂಢಿ. ಯಾತ್ರಿಕರು ಅಲ್ಲಿ ನಿಲ್ಲುತ್ತಿದ್ದರು, ಹೊಳೆಯ ತಣ್ಣೀರಿನಲ್ಲಿ ಮೀಯುತ್ತಿದ್ದರು, ಮಂತ್ರ ಹೇಳುತ್ತಿದ್ದರು. ಕೆಲವೆಡೆ ದೇವರ ಸಂತೋಷಕ್ಕೆಂದು ಕವಿತೆ ಕಟ್ಟಿ ಓದುತ್ತಿದ್ದರು. ನಾಕಹೇಚಿ ಎಂಬ ಮುಖ್ಯ ದಾರಿಯಲ್ಲಿ ಪುಣ್ಯಸೀಮೆ ಶುರುವಾಗುವುದು ಎರಡು ಹೊಳೆ ಸೇರುವ ತಕಿಜಿರಿಯ ಗುಡಿಯಿಂದ. ಅಲ್ಲಿಂದ ಹೊಂಗು ಕ್ಷೇತ್ರಕ್ಕೆ ಸುಮಾರು ನಲವತ್ತು ಕಿಲೋಮೀಟರ್, ಎರಡು ಮೂರು ದಿನದ ನಡಿಗೆ. ಏರು, ಇಳಿತ, ಮತ್ತೆ ಏರು. ಕೊನೆಗೆ ಒಂದು ದಿಬ್ಬದಿಂದ ಹೊಂಗು ಇರುವ ಕಣಿವೆ ಮೊದಲ ಬಾರಿಗೆ ಕಾಣಿಸುತ್ತದೆ. ಹಿಂದಿನವರು ಅಲ್ಲೇ ನೆಲಕ್ಕೆ ಬಾಗಿ ಅಡ್ಡಬೀಳುತ್ತಿದ್ದರು.

ನಾಚಿ ಕ್ಷೇತ್ರದಲ್ಲಿ 133 ಮೀಟರ್ ಎತ್ತರದಿಂದ ಜಲಪಾತ ಧುಮುಕುತ್ತದೆ. ಅಲ್ಲಿ ಜಲಪಾತವೇ ದೇವರು. ಕುಂಡಿಕೆಯ ನೀರಿಗೆ ಕೈಮುಗಿಯುವ ನಮಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ.

2004ರಲ್ಲಿ ಯುನೆಸ್ಕೋ ಈ ಸೀಮೆಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಡಿಗಳ ಜೊತೆಗೆ ಅವುಗಳನ್ನು ಜೋಡಿಸುವ ಕಾಲುದಾರಿಯೂ ಪಟ್ಟಿಗೆ ಸೇರಿತು ಎಂಬುದು ನನ್ನ ಮನಸ್ಸಿಗೆ ಹಿಡಿಸಿದ ಸಂಗತಿ. ಸ್ಪೇನಿನ ಸಾಂತಿಯಾಗೊ ಯಾತ್ರಾಪಥಕ್ಕೆ 1993ರಲ್ಲೇ ಇಂಥ ಮನ್ನಣೆ ಸಿಕ್ಕಿತ್ತು. ಕಲ್ಲು ಹಾಸಿದ ಮೆಟ್ಟಿಲು, ಬೇರು ಹೆಣೆದ ಏರುದಾರಿ, ಪಾಚಿ ಹಿಡಿದ ಗಡಿಗಲ್ಲು, ಯಾತ್ರಿಕರನ್ನು ದೋಣಿಯಲ್ಲಿ ಸಾಗಿಸುತ್ತಿದ್ದ ಕುಮಾನೊ ನದಿ, ಇವೆಲ್ಲವೂ ಈಗ ದೇವಾಲಯದಷ್ಟೇ ಕಾಪಾಡಬೇಕಾದ ಆಸ್ತಿ.

ಆದರೆ ಈ ದಾರಿ ತಾನಾಗಿ ಉಳಿದು ಬಂದದ್ದಲ್ಲ. ಅದು ಹೇಗೆ ಉಳಿಯಿತೆಂಬ ಕಥೆಯನ್ನು ಕೊಡಗಿನವರು ತಿಳಿಯಲೇಬೇಕು.

1906ರಲ್ಲಿ ಜಪಾನ್ ಸರ್ಕಾರ ಒಂದು ಆದೇಶ ಹೊರಡಿಸಿತು. ಹಳ್ಳಿಹಳ್ಳಿಯ ಸಣ್ಣ ಗುಡಿಗಳನ್ನು ಒಟ್ಟುಗೂಡಿಸಿ ಊರಿಗೊಂದು ದೊಡ್ಡ ಗುಡಿ ಉಳಿಸಿಕೊಳ್ಳಿ ಎಂಬುದು ಅದರ ಸಾರ. ಆಡಳಿತಕ್ಕೆ ಅನುಕೂಲ, ಖರ್ಚಿಗೂ ಉಳಿತಾಯ. ಆದರೆ ಪ್ರತಿ ಗುಡಿಯ ಸುತ್ತ ಒಂದು ದೇವರಕಾಡು ಇತ್ತು. ಗುಡಿ ಎತ್ತಿದರೆ ಕಾಡು ಮಾರಾಟಕ್ಕೆ. ನೂರಾರು ವರ್ಷದ ಮರಗಳು ದಿಮ್ಮಿಗಳಾದವು, ದಾರಿಯ ಓಜಿಗಳು ಒಂದೊಂದಾಗಿ ಅಳಿಸಿಹೋದವು. ಆಗ ತನಬೆ ಪಟ್ಟಣದಲ್ಲಿದ್ದ ಮಿನಕತ ಕುಮಗುಸು ಎಂಬ ವಿದ್ವಾಂಸ ಎದ್ದು ನಿಂತರು. 1867ರಲ್ಲಿ ಹುಟ್ಟಿದ ಅವರು ಅಮೆರಿಕ, ಇಂಗ್ಲೆಂಡುಗಳಲ್ಲಿ ವರ್ಷಗಟ್ಟಲೆ ಓದಿ ಊರಿಗೆ ಮರಳಿದವರು. ಕೊಳೆತ ಎಲೆ, ಒದ್ದೆ ಮರದ ಮೇಲೆ ಬೆಳೆಯುವ ಲೋಳೆಯಂಥ ಸೂಕ್ಷ್ಮಜೀವಿಗಳನ್ನು ಹುಡುಕಿ ಅಭ್ಯಾಸ ಮಾಡುವುದು ಅವರ ಜೀವದ ಉಸಿರಾಗಿತ್ತು. ಗುಡಿಯ ಕಾಡು ಹೋದರೆ ಹಕ್ಕಿ ಹೋಗುತ್ತದೆ, ಹಕ್ಕಿ ಹೋದರೆ ಗದ್ದೆಗೆ ಹುಳು ಬೀಳುತ್ತದೆ, ನೀರು ಬತ್ತುತ್ತದೆ, ಜನರ ಒಗ್ಗಟ್ಟೂ ಒಡೆಯುತ್ತದೆ ಎಂದು ಅವರು ಪತ್ರಿಕೆಗಳಿಗೆ ಬರೆದರು, ಅಧಿಕಾರಿಗಳಿಗೆ ಬರೆದರು. 1910ರಲ್ಲಿ ಸಭೆಯೊಂದಕ್ಕೆ ನುಗ್ಗಿ ಗಲಾಟೆ ಮಾಡಿ ಜೈಲಿಗೂ ಹೋದರು.

ನಾಕಹೇಚಿ ದಾರಿಯ ತ್ಸುಗಿಝಕುರ ಎಂಬ ಓಜಿಯ ಬಳಿ ಇಂದಿಗೂ ಕೆಲವು ಬೃಹತ್ ಸೀಡರ್ ಮರಗಳಿವೆ. ಅವುಗಳ ಕೊಂಬೆಗಳೆಲ್ಲ ದಕ್ಷಿಣಕ್ಕೇ ಚಾಚಿವೆ, ನಾಚಿ ಜಲಪಾತ ಇರುವ ದಿಕ್ಕಿಗೆ. ಅಲ್ಲಿದ್ದ ಎಷ್ಟೋ ಮರಗಳು ಕೊಡಲಿಗೆ ಹೋದವು. ಕೆಲವಾದರೂ ಉಳಿದದ್ದು ಕುಮಗುಸು ಅವರ ಹೋರಾಟದಿಂದ. 1929ರಲ್ಲಿ ಚಕ್ರವರ್ತಿ ಹಿರೊಹಿಟೊ ಆ ಕಡೆಗೆ ಬಂದಾಗ ಕುಮಗುಸು ಅವರಿಂದಲೇ ಜೀವಶಾಸ್ತ್ರದ ಉಪನ್ಯಾಸ ಕೇಳಿದರು. ತಾವು ಕಾಡಿನಿಂದ ಆರಿಸಿ ತಂದ ಮಾದರಿಗಳನ್ನು ಕುಮಗುಸು ಮಿಠಾಯಿ ಡಬ್ಬಿಗಳಲ್ಲಿಟ್ಟು ಒಪ್ಪಿಸಿದರಂತೆ. ಜೈಲು ಕಂಡ ಮನುಷ್ಯನಿಂದ ಚಕ್ರವರ್ತಿ ಪಾಠ ಕೇಳಿದ ದಿನ ಅದು.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಕೊಡಗಿನಲ್ಲಿ 1,214 ದೇವರಕಾಡುಗಳಿವೆ ಎಂಬ ಲೆಕ್ಕವಿದೆ. ಇಷ್ಟು ಸಣ್ಣ ಜಿಲ್ಲೆಯಲ್ಲಿ ಇಷ್ಟೊಂದು! ಅಯ್ಯಪ್ಪ, ಭಗವತಿ, ಮಹಾದೇವ, ಬಸವೇಶ್ವರ, ಹೀಗೆ ಒಂದೊಂದು ಕಾಡಿಗೆ ಒಬ್ಬ ಒಡೆಯ. ಬೇಟೆಗಾರ ಅಯ್ಯಪ್ಪನ ಕಾಡಿನಲ್ಲಿ ಹರಕೆಗೆ ಒಪ್ಪಿಸಿದ ಮಣ್ಣಿನ ನಾಯಿಗಳು ಮರದ ಬುಡದಲ್ಲಿ ಗುಂಪಾಗಿ ನಿಂತಿರುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಅಲ್ಲಿ ಕತ್ತಿ ಆಡಿಸಬಾರದು, ಸೌದೆ ತರಬಾರದು ಎಂಬ ಕಟ್ಟಳೆಯನ್ನು ಯಾವ ಇಲಾಖೆಯೂ ಬರೆದಿರಲಿಲ್ಲ, ಊರೇ ಪಾಲಿಸಿಕೊಂಡು ಬಂದಿತ್ತು. ಆದರೂ 1905ರಲ್ಲಿ 6,277 ಹೆಕ್ಟೇರ್ ಇದ್ದ ದೇವರಕಾಡು 1985ರ ಹೊತ್ತಿಗೆ 2,550 ಹೆಕ್ಟೇರಿಗೆ ಇಳಿದಿತ್ತು. ಅರ್ಧಕ್ಕಿಂತ ಹೆಚ್ಚು ಹೋಯಿತು. ಜಪಾನಿನಲ್ಲಿ ಒಂದು ಸರ್ಕಾರಿ ಆದೇಶದಿಂದ ಆದ ನಷ್ಟ ಇಲ್ಲಿ ಬೇಲಿಯನ್ನು ಒಂದೊಂದು ಮಾರು ಒಳಕ್ಕೆ ಸರಿಸುವುದರಿಂದ ಆಯಿತು. ಕೆಲವೆಡೆ ಕಾಫಿ ಗಿಡ ನುಗ್ಗಿತು, ಕೆಲವೆಡೆ ಮನೆಗಳೆದ್ದವು.

ಕಾಡಿನ ಮಾತಾಯಿತು. ದಾರಿಯ ಗತಿ ಇನ್ನೂ ಕಷ್ಟ, ಏಕೆಂದರೆ ಅದರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಕುಲದ ಮೂಲಮನೆಯಾದ ಐನ್‌ಮನೆಯ ಓಣಿಯಿಂದ ಹೊರಟು, ಗದ್ದೆಯ ಬದು ಹಿಡಿದು, ತೋಡು ದಾಟಿ, ದೇವರಕಾಡಿನ ಅಂಚಿನಲ್ಲಿ ಸಾಗಿ ದೇವಸ್ಥಾನ ಸೇರುತ್ತಿದ್ದ ಕಾಲುದಾರಿಗಳು ಊರೂರಿಗೂ ಇದ್ದವು. ಡಾಂಬರು ರಸ್ತೆ ಬಂದ ಮೇಲೆ ಅವು ಬೇಡವಾದವು. ಕೆಲವಕ್ಕೆ ತೋಟದ ಗೇಟು ಬಿದ್ದಿದೆ, ಕೆಲವನ್ನು ಲಂಟಾನ ಮುಚ್ಚಿದೆ. ದೇವಸ್ಥಾನದ ಜೀರ್ಣೋದ್ಧಾರಕ್ಕೆ ಮನಸಾರೆ ಕೈಜೋಡಿಸುವ ನಾವು, ದೇವಸ್ಥಾನಕ್ಕೆ ಹೋಗುವ ದಾರಿಯ ಜೀರ್ಣೋದ್ಧಾರದ ಮಾತೆತ್ತಿದ್ದೇವೆಯೇ? ಈ ಪ್ರಶ್ನೆ ಕೇಳಬೇಕೆಂದೇ ನಾನು ಇಂದು ಇಲ್ಲಿ ಕುಳಿತಿದ್ದೇನೆ.

ನಮ್ಮಲ್ಲಿ ಏನಿಲ್ಲ ಹೇಳಿ! ಭಾಗಮಂಡಲದಲ್ಲಿ ಕಾವೇರಿ, ಕನ್ನಿಕೆ, ಸುಜ್ಯೋತಿಯರ ಸಂಗಮ. ಅಲ್ಲಿ ಮಿಂದು, ಹಿರಿಯರಿಗೆ ಪಿಂಡ ಇಟ್ಟು, ಭಗಂಡೇಶ್ವರನಿಗೆ ಕೈಮುಗಿದು ಆಮೇಲೆ ತಲಕಾವೇರಿಗೆ ಹತ್ತುವುದು ವಾಡಿಕೆ. ಅಲ್ಲಿಂದ ನಾಪೋಕ್ಲು ಮಾರ್ಗವಾಗಿ ಕಕ್ಕಬ್ಬೆಗೆ ಬಂದರೆ ಪಾಡಿ ಇಗ್ಗುತಪ್ಪನ ಸನ್ನಿಧಿ. ಸುಗ್ಗಿಯ ಹಬ್ಬ ಪುತ್ತರಿಗೆ ಮುಹೂರ್ತ ಹೊರಡುವುದು ಅಲ್ಲಿಂದಲೇ. ತಲೆಯ ಮೇಲೆ 1,748 ಮೀಟರ್ ಎತ್ತರದ ತಡಿಯಂಡಮೋಳ್, ತಪ್ಪಲಿನಲ್ಲಿ ದೊಡ್ಡ ವೀರರಾಜೇಂದ್ರ ಕಟ್ಟಿಸಿದ ನಾಲ್ಕುನಾಡು ಅರಮನೆ. ಮತ್ತೆ ಹೊಳೆಯ ದಡಕ್ಕಿಳಿದರೆ ಬಲಮುರಿ. ಅಗಸ್ತ್ಯರ ಮೇಲೆ ಮುನಿದು ಹರಿದು ಹೊರಟ ಕಾವೇರಿಯನ್ನು ಕೊಡವರು ತಡೆಯಲು ನಿಂತದ್ದು, ಆ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ಸರಿದದ್ದು ಅಲ್ಲೇ ಎಂದು ನಂಬಿಕೆ. ಇಂದಿಗೂ ನಮ್ಮ ಹೆಣ್ಣುಮಕ್ಕಳು ನೆರಿಗೆಯನ್ನು ಹಿಂದಕ್ಕೇ ಉಡುತ್ತಾರೆ. ಕೆಳಗೆ ಸಿದ್ದಾಪುರದ ಬಳಿ ಗುಹ್ಯದಲ್ಲಿ ಅಗಸ್ತ್ಯೇಶ್ವರ. ಇನ್ನೂ ಕೆಳಗೆ, ಕೂಡಿಗೆಯಲ್ಲಿ ಹಾರಂಗಿಯನ್ನು ಕೂಡಿಕೊಂಡ ಮೇಲೆ, ಕಣಿವೆಯ ರಾಮಲಿಂಗೇಶ್ವರ. ಅಲ್ಲಿಗೆ ಕೊಡಗಿನ ಗಡಿ. ಹೊಳೆಯ ಜೊತೆಜೊತೆಗೇ, ಹುಟ್ಟಿನಿಂದ ಗಡಿಯವರೆಗೆ, ದಿನಕ್ಕೊಂದು ಕ್ಷೇತ್ರದಂತೆ ನಡೆಯಬಹುದಾದ ಯಾತ್ರೆ ಇದು.

ಬೆಟ್ಟ ಮತ್ತು ಹೊಳೆ ಕೊಡುವಂತೆಯೇ ಕಸಿದುಕೊಳ್ಳುತ್ತವೆ ಎಂಬುದು ಕೊಡಗಿಗೂ ಗೊತ್ತು, ಕುಮಾನೊಗೂ ಗೊತ್ತು. ಹೊಂಗು ದೇವಾಲಯ ಮೊದಲಿದ್ದದ್ದು ಹೊಳೆಗಳು ಕೂಡುವ ಮರಳದಂಡೆಯಲ್ಲಿ. 1889ರ ಪ್ರವಾಹದಲ್ಲಿ ಬಹುಪಾಲು ಕೊಚ್ಚಿಹೋಯಿತು. ಉಳಿದ ಗುಡಿಗಳನ್ನು ಬಿಚ್ಚಿ ಎತ್ತರದ ದಿಬ್ಬದಲ್ಲಿ ಮತ್ತೆ ನಿಲ್ಲಿಸಿದರು. 2011ರ ಸೆಪ್ಟೆಂಬರಿನ ಚಂಡಮಾರುತದಲ್ಲಿ ಗುಡ್ಡಗಳು ಕುಸಿದವು, ಜನ ಸತ್ತರು, ಯಾತ್ರಾ ದಾರಿಗೂ ಪೆಟ್ಟು ಬಿತ್ತು. ಗುಡ್ಡಗಳು ಕುಸಿದ ನಮ್ಮ 2018ರ ಆಗಸ್ಟ್ ತಿಂಗಳನ್ನು ಯಾರು ಮರೆತಾರು? 2020ರ ಆಗಸ್ಟಿನಲ್ಲಿ ತಲಕಾವೇರಿಯಲ್ಲೇ ಗಜಗಿರಿ ಬೆಟ್ಟ ಜರಿದು ಅರ್ಚಕರ ಮನೆ ಮಣ್ಣಿನಡಿ ಹೋಯಿತು, ಐದು ಜೀವಗಳು ಹೋದವು. ಆದ್ದರಿಂದ ಯಾತ್ರಾಪಥದ ಹೆಸರಿನಲ್ಲಿ ಬೆಟ್ಟ ಅಗೆಯುವ, ಕಾಂಕ್ರೀಟ್ ಸುರಿಯುವ ಯೋಜನೆ ಯಾರಾದರೂ ತಂದರೆ ಮೊದಲು ವಿರೋಧಿಸುವವನು ನಾನೇ. ಕಾಲುದಾರಿಗೆ ಕಾಲಗಲದ ಜಾಗ ಸಾಕು.

ಕುಮಾನೊದವರು ಇದನ್ನು ಹೇಗೆ ಮಾಡುತ್ತಾರೆ ಕೇಳಿ. ಮಳೆಗೆ ದಾರಿಯ ಮಣ್ಣು ಕೊರೆದುಹೋದಾಗ ಅಲ್ಲಿಗೆ ಯಂತ್ರ ಹೋಗುವುದಿಲ್ಲ. ನಡೆಯಲು ಬಂದವರೇ ಮಣ್ಣಿನ ಚೀಲ ಹೊತ್ತು ಹತ್ತಿ, ಕೊರೆದ ಜಾಗಕ್ಕೆ ಸುರಿದು, ಗುದ್ದಿ ಗಟ್ಟಿ ಮಾಡುತ್ತಾರೆ. ಶಾಲೆಯ ಮಕ್ಕಳು, ಕಚೇರಿಗಳ ನೌಕರರು ತಂಡ ಕಟ್ಟಿಕೊಂಡು ಬಂದು ಈ ಸೇವೆ ಮಾಡುತ್ತಾರೆ. ನಾಕಹೇಚಿಯಲ್ಲಿ ಪ್ರತಿ 500 ಮೀಟರಿಗೆ ಸಂಖ್ಯೆ ಬರೆದ ಒಂದು ಕಂಬವಿದೆ. ಯಾರಾದರೂ ಕಾಲು ಉಳುಕಿಸಿಕೊಂಡರೆ ಯಾವ ಕಂಬದ ಬಳಿ ಇದ್ದೇವೆಂದು ಹೇಳಿದರೆ ಸಾಕು. ದಾರಿಯ ಹಳ್ಳಿಗಳಲ್ಲಿ ಮನೆಮನೆಯವರೇ ಯಾತ್ರಿಕರಿಗೆ ಊಟ, ಹಾಸಿಗೆ ಕೊಡುತ್ತಾರೆ, ಬೆಳಿಗ್ಗೆ ಹೊರಡುವಾಗ ಬುತ್ತಿ ಕಟ್ಟಿಕೊಡುತ್ತಾರೆ.

ಇದರಲ್ಲಿ ಯಾವುದು ನಮ್ಮ ಕೈಗೆ ಮೀರಿದ್ದು? ಊರ ಹಬ್ಬಕ್ಕೆ ಮುನ್ನ ದೇವಸ್ಥಾನದ ಸುತ್ತ ಕಾಡು ಸವರುವುದು ನಮ್ಮ ಹಳ್ಳಿಗಳಿಗೆ ಹೊಸತಲ್ಲ. ಹೋಂಸ್ಟೇಗಳು ಊರಿಗೆ ಹತ್ತಾರಿವೆ. ದಾರಿ ತೋಟದೊಳಗೆ ಹಾದುಹೋಗುವಲ್ಲಿ ಮಾಲೀಕರು ವರ್ಷಕ್ಕೆ ಒಂದು ತಿಂಗಳು, ತುಲಾ ಮಾಸದಲ್ಲಾದರೂ, ಗೇಟು ತೆರೆದರೆ ದೊಡ್ಡ ಉಪಕಾರ. ಯಾತ್ರಿಕರೂ ಅಷ್ಟೇ ಮರ್ಯಾದೆಯಿಂದ, ಒಂದು ಪ್ಲಾಸ್ಟಿಕ್ ಚೂರೂ ಬಿಸಾಡದೆ, ಗಿಡದಿಂದ ಒಂದು ಹಣ್ಣೂ ಕೀಳದೆ ದಾಟಬೇಕು. ಸಿದ್ದಾಪುರದಿಂದ ದುಬಾರೆವರೆಗಿನ ಕಡೆ ಮಾತ್ರ ಆತುರ ಬೇಡ. ಆನೆಗಳ ಓಡಾಟ ಅಲ್ಲಿ ನಿತ್ಯದ ಮಾತು, ತೋಟದ ಕಾರ್ಮಿಕರು ಜೀವ ಕಳೆದುಕೊಂಡಿದ್ದಾರೆ. ಆ ಭಾಗವನ್ನು ಬಸ್ಸಿನಲ್ಲೇ ದಾಟುವುದು ವಿವೇಕ. ಕುಮಾನೊ ಯಾತ್ರಿಕರೂ ದಾರಿಯ ಕೆಲವು ಭಾಗವನ್ನು ದೋಣಿಯಲ್ಲಿ ಕಳೆಯುತ್ತಿದ್ದರು, ಅದರಿಂದ ಪುಣ್ಯ ಕಡಿಮೆಯಾಗಲಿಲ್ಲ.

ಇಡೀ ಯಾತ್ರೆಗೆ ಏರ್ಪಾಡಾಗುವವರೆಗೆ ಕಾಯಬೇಕಾಗಿಲ್ಲ. ಭಾಗಮಂಡಲದಿಂದ ತಲಕಾವೇರಿಯ ಮೊದಲ ಹಂತವನ್ನು ಈ ವರ್ಷವೇ ನಡೆಯಬಹುದು. ಸಂಕ್ರಮಣದ ದಿನದ ನೂಕುನುಗ್ಗಲು ಬೇಡವೆಂದರೆ, ಕಿರು ಸಂಕ್ರಮಣದವರೆಗೆ ಒಂದು ತಿಂಗಳು ಜಾತ್ರೆ ಇದ್ದೇ ಇರುತ್ತದೆ. ವಾರದ ನಡುವಿನ ಒಂದು ದಿನ ಆರಿಸಿಕೊಳ್ಳಿ. ಬೆಳಗಾಗುವ ಹೊತ್ತಿಗೆ ಸಂಗಮದಲ್ಲಿ ಮಿಂದು ಹೊರಡಿ. ಮಕ್ಕಳನ್ನೂ ಕರೆದುಕೊಳ್ಳಿ, ಮನೆಯ ಹಿರಿಯರು ಜೀಪಿನಲ್ಲಿ ಬಂದು ಮೇಲೆ ಸೇರಿಕೊಳ್ಳಲಿ. ರಸ್ತೆಯ ತಿರುವುಗಳಲ್ಲಿ ವಾಹನಗಳಿಗೆ ಎದುರಾಗಿ, ಬಲಬದಿಯಲ್ಲಿ ನಡೆಯಿರಿ. ಮಳೆ ಪೂರ್ತಿ ಹೋಗಿರುವುದಿಲ್ಲ, ಕೊಡೆ ಇರಲಿ. ಜಿಗಣೆಗೆ ಸ್ವಲ್ಪ ಸುಣ್ಣ, ಹೊಗೆಸೊಪ್ಪು ಕಟ್ಟಿಕೊಳ್ಳಿ. ತೀರ್ಥ ತುಂಬಿಸಲು ಮನೆಯಿಂದಲೇ ಒಂದು ಪಾತ್ರೆ ಒಯ್ಯಿರಿ, ಮೇಲೆ ಪ್ಲಾಸ್ಟಿಕ್ ಬಾಟಲಿ ಕೊಳ್ಳುವುದು ಬೇಡ.

ನಮಸ್ಕಾರ.