ಕಾಲಮಿನ ಟೈಪನ್ನು ನೀವೇ ಹೇಳಿ

ಎಲ್ಲರಿಗೂ ಶಿರಸಿಯಿಂದ ನಮಸ್ಕಾರ. ಕಳೆದ ವಾರದ ವಿಡಿಯೊ ನೋಡಿದ ವೀಕ್ಷಕರೊಬ್ಬರು, ಅಂಕಿ-ಅಂಶ ವಿಶ್ಲೇಷಿಸುವ ಆರ್ ಎಂಬ ಸಾಫ್ಟ್‌ವೇರಿನ ಬಗ್ಗೆ ಹೀಗೆ ಬರೆದಿದ್ದಾರೆ: “ಗೂಗಲ್ ಶೀಟಿನ ಲಿಂಕ್ ಕೊಟ್ಟರೆ ಆರ್ ತಾನೇ ಎಲ್ಲವನ್ನೂ ಓದಿಕೊಳ್ಳುತ್ತದೆ. ಪ್ರತಿ ಕಾಲಮಿಗೂ ಟೈಪ್ ಹೇಳುತ್ತ ಕೂರುವುದು ಕೆಲಸವಿಲ್ಲದವರ ಕೆಲಸ.” ಇದನ್ನು ಓದಿದಾಗಿನಿಂದ ನನಗೆ ಸಮಾಧಾನವಿಲ್ಲ. ಆದ್ದರಿಂದ ಇವತ್ತು ಹೇಳುವುದು ಒಂದೇ ಮಾತು: ಶೀಟಿನಿಂದ ಡೇಟಾ ತರುವಾಗ ಯಾವ ಕಾಲಮಿನಲ್ಲಿ ಏನಿದೆ, ಸಂಖ್ಯೆಯೋ ತಾರೀಖೋ ಪಠ್ಯವೋ (ಇದನ್ನೇ ಟೈಪ್ ಎನ್ನುವುದು) ಎಂಬುದನ್ನು ನೀವೇ ಹೇಳಬೇಕು, ಊಹಿಸುವ ಕೆಲಸವನ್ನು ಸಾಫ್ಟ್‌ವೇರಿಗೆ ಬಿಡಬಾರದು.

ಕಳೆದ ವರ್ಷ ಒಬ್ಬ ವಿದ್ಯಾರ್ಥಿನಿ ನಮ್ಮ ಸುತ್ತಲಿನ ಆರು ಅಡಿಕೆ ತೋಟಗಳ ಮಳೆ ಲೆಕ್ಕವನ್ನು ತಂದಿದ್ದಳು. ಮಳೆಗೂ ಕೊಳೆರೋಗಕ್ಕೂ ಇರುವ ಸಂಬಂಧವನ್ನು ನೋಡುವುದು ಅವಳ ಉದ್ದೇಶ. ತೋಟದವರು ದಿನವೂ ಬೆಳಿಗ್ಗೆ ಮಾಪಕ ನೋಡಿ, ಮೊಬೈಲಿನಿಂದಲೇ ಹಂಚಿಕೊಂಡ ಶೀಟಿನಲ್ಲಿ 2024ರ ಜುಲೈ ತಿಂಗಳ ಮಳೆಯನ್ನು ತುಂಬಿದ್ದರು. ಆರ್‌ನಲ್ಲಿ ಗ್ರಾಫ್ ಬಿಡಿಸಿದರೆ ಜನವರಿ 7ರಂದು ಧಾರಾಕಾರ ಮಳೆ! ಫೆಬ್ರವರಿ 7ರಂದು ಮಳೆ, ಮಾರ್ಚ್ 7ರಂದು ಮಳೆ, ಹೀಗೆ ಡಿಸೆಂಬರಿನವರೆಗೂ ತಿಂಗಳಿಗೊಂದು ದಿನ, ಏಳನೇ ತಾರೀಖಿಗೇ. ಸಂಕ್ರಾಂತಿಗೆ ಮುಂಚೆ ಶಿರಸಿಯಲ್ಲಿ ಅಷ್ಟು ಮಳೆ ಕಂಡವರು ಯಾರಿದ್ದಾರೆ?

ಆದದ್ದು ಇಷ್ಟೇ. ಆ ಶೀಟಿನ ಲೊಕೇಲ್, ಅಂದರೆ ಯಾವ ದೇಶದ ಪದ್ಧತಿ ಎಂಬ ಸೆಟ್ಟಿಂಗ್, ಅಮೆರಿಕ ಎಂದಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನಮ್ಮವರು 05/07/2024 ಎಂದು ಬರೆದರೆ ತೆರೆಯ ಮೇಲೆ ಹಾಗೆಯೇ ಕಾಣುತ್ತದೆ, ಆದರೆ ಒಳಗೆ ಕೂತದ್ದು ಮೇ 7. ಜುಲೈನ ಮೊದಲ 12 ದಿನಗಳು ಹೀಗೆ 12 ತಿಂಗಳುಗಳಿಗೆ ಹಂಚಿಹೋದವು. 13ರಿಂದ 31ರವರೆಗಿನ 19 ದಿನಗಳಿಗೆ ಹದಿಮೂರನೇ ತಿಂಗಳೇ ಇಲ್ಲವಾದ್ದರಿಂದ ಅವು ತಾರೀಖೇ ಆಗದೆ ಬರೀ ಅಕ್ಷರಗಳಾಗಿ ಉಳಿದವು. ನಾವು ಶೀಟನ್ನು ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಪಠ್ಯದ ಫೈಲ್) ರೂಪದಲ್ಲಿ ಇಳಿಸಿಕೊಂಡು, ಎಲ್ಲ ಕಾಲಮುಗಳನ್ನೂ ಪಠ್ಯವೆಂದೇ ಓದಿಸಿ, ಆಮೇಲೆ ತಾರೀಖುಗಳನ್ನು ಓದಿಸುವ ಆರ್‌ನ ಲುಬ್ರಿಡೇಟ್ ಪ್ಯಾಕೇಜಿನಿಂದ ದಿನ-ತಿಂಗಳು-ವರ್ಷ ಎಂಬ ಕ್ರಮವನ್ನು ತಿಳಿಸಿದ ಮೇಲೆ 31 ದಿನಗಳೂ ಜುಲೈಗೆ ಮರಳಿದವು. ಸಿಎಸ್‌ವಿಯಲ್ಲಿ ಬರುವುದು ತೆರೆಯ ಮೇಲೆ ಕಾಣುವ ರೂಪ. ಅದೇ ಇಲ್ಲಿ ನಮ್ಮನ್ನು ಕಾಪಾಡಿತು.

ಮಳೆಯ ಕಾಲಮಿನ ಕಥೆ ಬೇರೆ. ಒಬ್ಬರು “ತುಂತುರು” ಎಂದು ಬರೆದಿದ್ದರು, ಇನ್ನೊಬ್ಬರು “12.4 ಮಿ.ಮೀ.” ಎಂದು, ಮತ್ತೊಬ್ಬ ಹಿರಿಯರು ಕನ್ನಡ ಅಂಕಿಯಲ್ಲಿ “೧೮” ಎಂದು. ಅವರದೇನೂ ತಪ್ಪಿಲ್ಲ, ಮನುಷ್ಯರು ಬರೆಯುವುದೇ ಹಾಗೆ. ಇಂಥ ಕಾಲಮನ್ನು, ಶೀಟನ್ನು ನೇರವಾಗಿ ಆರ್‌ಗೆ ತರುವ ಗೂಗಲ್‌ಶೀಟ್ಸ್4 ಪ್ಯಾಕೇಜಿಗೆ ಟೈಪ್ ಹೇಳದೆ ಕೊಟ್ಟರೆ ಅದು ಸಂಖ್ಯೆ, ಪಠ್ಯ ಎಲ್ಲ ಬೆರೆತ ಲಿಸ್ಟ್ ಕಾಲಮನ್ನು ಕೈಗಿಡುತ್ತದೆ, ಸರಾಸರಿ ತೆಗೆಯಲು ಬರುವುದಿಲ್ಲ. ಆರ್‌ನಂಥದೇ ಇನ್ನೊಂದು ಸಾಫ್ಟ್‌ವೇರ್ ಸ್ಟಾಟಾದಲ್ಲಿ ಅದೇ ಕಾಲಂ ಪಠ್ಯವಾಗಿ ಬರುತ್ತದೆ. ಅವಸರದಲ್ಲಿ, ಪಠ್ಯವನ್ನು ಸಂಖ್ಯೆಯಾಗಿಸುವ ಡಿಸ್ಟ್ರಿಂಗ್ ಆಜ್ಞೆಗೆ ಫೋರ್ಸ್ (ಸಂಖ್ಯೆಯಾಗದ್ದನ್ನು ಖಾಲಿ ಬಿಡು ಎಂಬ ಆಯ್ಕೆ) ಸೇರಿಸಿದರೆ ಆ ಹಿರಿಯರ 18 ಮಿಲಿಮೀಟರ್ ಮಳೆ ಮಾಯವಾಗುತ್ತದೆ. 2020ರಲ್ಲಿ ಆರ್ 4.0.0 ಬರುವವರೆಗೆ ಸ್ಥಿತಿ ಇನ್ನೂ ಕೆಟ್ಟದಾಗಿತ್ತು: ಆರ್‌ನ ರೀಡ್ ಸಿಎಸ್‌ವಿ ಆಜ್ಞೆ ಅಂಥ ಕಾಲಮನ್ನು ತಾನಾಗಿ ಫ್ಯಾಕ್ಟರ್, ಅಂದರೆ ಪ್ರತಿ ಬೇರೆ ಬರಹಕ್ಕೂ ಒಳಗೊಂದು ಕ್ರಮಸಂಖ್ಯೆ ಕೊಟ್ಟ ವರ್ಗಗಳು, ಮಾಡುತ್ತಿತ್ತು, ಅದನ್ನು ಸಂಖ್ಯೆಗೆ ಬದಲಿಸಿದರೆ ಮಳೆಯ ಬದಲು 1, 2, 3 ಎಂಬ ಒಳಗಿನ ಕ್ರಮಸಂಖ್ಯೆಗಳು ಸಿಗುತ್ತಿದ್ದವು, ಎಚ್ಚರಿಕೆಯ ಒಂದು ಸಾಲೂ ಇಲ್ಲದೆ.

ಇಷ್ಟಾದ ಮೇಲೂ “ನನ್ನ ಡೇಟಾ ಚಿಕ್ಕದು” ಎನ್ನುವವರಿದ್ದಾರೆ. ಅವಳದು ಆರು ತೋಟ, ಒಂದು ತಿಂಗಳು. ಅದಕ್ಕಿಂತ ಚಿಕ್ಕದು ಬೇಕೆ? “ಸಮಯ ಹಾಳು” ಎನ್ನುವವರಿಗೆ ಹೇಳುತ್ತೇನೆ: ಏಳೆಂಟು ಕಾಲಮಿಗೆ ಟೈಪ್ ಬರೆಯಲು ಎರಡು ನಿಮಿಷ ಸಾಕು, ಜನವರಿಯ ಮಳೆ ಎಲ್ಲಿಂದ ಬಂತೆಂದು ಹುಡುಕಲು ನಮಗೆ ಎರಡು ಸಂಜೆ ಹಿಡಿಯಿತು. “ಸಾಫ್ಟ್‌ವೇರ್ ನಮಗಿಂತ ಜಾಣ” ಎನ್ನುವವರು ತಮ್ಮ ಪಹಣಿಯ ಸರ್ವೆ ನಂಬರ್ 12/3 ಎಂಬುದನ್ನು ಎಕ್ಸೆಲ್‌ನಲ್ಲಿ ಟೈಪ್ ಮಾಡಿ ನೋಡಲಿ, ಜಮೀನು ಹೋಗಿ ತಾರೀಖು ಬಂದಿರುತ್ತದೆ. ಇದೇ ಕಾಟಕ್ಕೆ ಬೇಸತ್ತು 2020ರಲ್ಲಿ ಮಾನವ ಜೀನುಗಳ ನಾಮಕರಣ ಸಮಿತಿ ಮಾರ್ಚ್1, ಸೆಪ್ಟ್1 ಮುಂತಾದ ಜೀನುಗಳ ಹೆಸರನ್ನೇ ಬದಲಿಸಿತು. ಜೀನಿನ ಹೆಸರು ಬದಲಾಗಬಹುದು, ನಿಮ್ಮ ಗದ್ದೆಯ ಸರ್ವೆ ನಂಬರನ್ನು ಯಾರು ಬದಲಿಸಿಕೊಡುತ್ತಾರೆ?

ಮತ್ತೆ ಹೇಳುತ್ತೇನೆ, ಟೈಪನ್ನು ನೀವೇ ಹೇಳಿ. ಆರ್‌ನಲ್ಲಿ ಹೇಳಿ, ಸ್ಟಾಟಾದಲ್ಲಿ ಹೇಳಿ, ಪೈಥಾನ್‌ನಲ್ಲಿ ಹೇಳಿ, ಎಲ್ಲಿದ್ದರೂ ಹೇಳಿ. ಮಳೆಯಲ್ಲಿ ನೆನೆದು ಮಾಪಕ ನೋಡಿದವರ ಶ್ರಮ ಅದು, ಊಹೆಗೆ ಒಪ್ಪಿಸುವ ವಸ್ತುವಲ್ಲ.

ಶೀಟಿನ ಫೈಲ್ ಮೆನುವಿನ ಸೆಟ್ಟಿಂಗ್ಸ್‌ನಲ್ಲಿ ಲೊಕೇಲನ್ನು ಇಂಡಿಯಾ ಎಂದು ಇಡುವ ಕ್ರಮ, ಹಾಗೂ ನಾನು ಬಳಸಿದ ಆಜ್ಞೆಗಳು ವಿಡಿಯೊದ ಕೆಳಗಿವೆ. ಚಾನೆಲ್ಲಿಗೆ ಚಂದಾದಾರರಾಗಿ, ಹಂಚಿಕೊಂಡ ಶೀಟಿನಲ್ಲಿ ಲೆಕ್ಕ ಇಡುವ ಗೆಳೆಯರಿಗೆ ಇದನ್ನು ಕಳುಹಿಸಿ. ಮುಂದಿನ ವಾರ ಕಾರವಾರದ ಗೆಳೆಯರೊಬ್ಬರ ಮೀನಿನ ಲೆಕ್ಕದ ಶೀಟನ್ನು ತೆರೆಯುತ್ತೇವೆ, ಅದರಲ್ಲಿ ಬಂಗಡೆಯ ತೂಕವನ್ನು ಕೆಲವರು ಕಿಲೊದಲ್ಲೂ ಕೆಲವರು ಬುಟ್ಟಿಯಲ್ಲೂ ಬರೆದಿದ್ದಾರೆ.