ಮೇಲ್ ಬರ್ತಿಲ್ಲ ಸಾರ್: ಡವ್‌ಕಾಟ್ ಜೊತೆ ನೇರ ಮಾತುಕತೆ

ಎಲ್ಲರಿಗೂ ನಮಸ್ಕಾರ.

ಸರ್ವರ್ ಕೋಣೆಯ ಪಕ್ಕದ ಮೇಜಿನಲ್ಲಿ ವರ್ಷಗಟ್ಟಲೆ ಕೂತವನು ನಾನು. ಸೋಮವಾರ ಬೆಳಿಗ್ಗೆ ಹತ್ತಕ್ಕೆ ಫೋನ್ ರಿಂಗಾದರೆ ಎತ್ತುವ ಮೊದಲೇ ಮಾತು ಗೊತ್ತಿರುತ್ತದೆ: "ಮೇಲ್ ಬರ್ತಿಲ್ಲ ಸಾರ್." ಇದಕ್ಕೆ ಎಷ್ಟು ಅರ್ಥ ಇರಬಹುದು ಅಂತ ಒಮ್ಮೆ ಲೆಕ್ಕ ಹಾಕಲು ಕೂತಿದ್ದೆ. ಪಾಸ್‌ವರ್ಡ್ ತಪ್ಪಿರಬಹುದು. ಸರ್ವರ್ ಅಸಲಿ ಅಂತ ಸಾರುವ ಸರ್ಟಿಫಿಕೇಟ್‌ನ ಅವಧಿ ಮುಗಿದಿರಬಹುದು. ಡಿಸ್ಕ್ ತುಂಬಿರಬಹುದು. ಮೇಲ್ ಬಂದೇ ಇರುತ್ತದೆ, ಆದರೆ ಬೇರೆ ಕಡೆ ಹೋಗಿ ಕೂತಿರುತ್ತದೆ. ಒಂದು ಸಲವಂತೂ ಪಾಪ, ಅವರಿಗೆ ಯಾರೂ ಮೇಲ್ ಕಳಿಸಿರಲೇ ಇಲ್ಲ.

ಇವತ್ತು ನಾನು ಮಾತಾಡುವುದು ಮೇಲ್ ಕಳಿಸುವುದರ ಬಗ್ಗೆ ಅಲ್ಲ, ಪಡೆಯುವುದರ ಬಗ್ಗೆ. ಊರಿನ ಅಂಚೆ ಕಚೇರಿಗೆ ಚೀಲ ತಂದು ಇಳಿಸುವುದು ಒಂದು ಕೆಲಸ. ಕಿಟಕಿಯ ಮುಂದೆ ನಿಂತವರಿಗೆ ಅವರವರ ಕಾಗದ ತೆಗೆದುಕೊಡುವುದು ಇನ್ನೊಂದು. ಲಿನಕ್ಸ್‌ನಲ್ಲಿ ಚೀಲ ಇಳಿಸುವುದು ಪೋಸ್ಟ್‌ಫಿಕ್ಸ್‌ನಂಥ ಪ್ರೋಗ್ರಾಂ, ಕಿಟಕಿಯಲ್ಲಿ ಕೂರುವುದು ಡವ್‌ಕಾಟ್. ಇಬ್ಬರೂ ಬೇರೆ ಬೇರೆ ಮನೆತನದವರು. ಒಬ್ಬರ ಸೆಟ್ಟಿಂಗುಗಳಿರುವ ಕಾನ್ಫಿಗ್ ಫೈಲನ್ನು ಇನ್ನೊಬ್ಬರು ಓದುವುದಿಲ್ಲ. ನಾವು ಪಡುವ ಪಾಡಿನಲ್ಲಿ ಅರ್ಧ ಇಲ್ಲಿಂದಲೇ ಹುಟ್ಟುತ್ತದೆ.

ಚರಿತ್ರೆಯನ್ನು ಬೇಗ ಮುಗಿಸಿಬಿಡುತ್ತೇನೆ. ಸರ್ವರ್‌ನಿಂದ ಮೇಲ್ ಪಡೆಯುವ ಪಾಪ್ ಎಂಬ ಪ್ರೋಟೋಕಾಲ್, ಅಂದರೆ ಮಾತುಕತೆಯ ನಿಯಮ, 1984ರದ್ದು. ಬಾ, ನಿನ್ನ ಕಾಗದ ತಗೊಂಡು ಹೋಗು ಅನ್ನುವಷ್ಟೇ ಅದರ ಸ್ವಭಾವ. ನಾವು ಇವತ್ತು ಬಳಸುವ ಮೂರನೇ ಆವೃತ್ತಿಯ ನಿಯಮಗಳು 1996ರ ಆರ್‌ಎಫ್‌ಸಿ 1939 ಎಂಬ ಇಂಟರ್ನೆಟ್ ನಿಯಮಗಳ ದಾಖಲೆಯಲ್ಲಿವೆ. ಐಮ್ಯಾಪ್ ಎಂಬ ಇನ್ನೊಂದು ಪ್ರೋಟೋಕಾಲನ್ನು 1986ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಕ್ರಿಸ್ಪಿನ್ ರೂಪಿಸಿದರು. ಅದರಲ್ಲಿ ಕಾಗದ ಕಚೇರಿಯಲ್ಲೇ ಇರುತ್ತದೆ. ಮನೆಯ ಕಂಪ್ಯೂಟರಿನಿಂದಲೂ ಮೊಬೈಲಿನಿಂದಲೂ ಅದೇ ಪೆಟ್ಟಿಗೆ ತೆರೆದು ನೋಡಬಹುದು. ಡವ್‌ಕಾಟ್ ಅನ್ನು ಫಿನ್ಲೆಂಡಿನ ಟಿಮೋ ಸಿರೈನೆನ್ 2002ರಲ್ಲಿ ಬಿಡುಗಡೆ ಮಾಡಿದರು. ಹೆಸರಿನ ಅರ್ಥ ಪಾರಿವಾಳದ ಗೂಡು. ಓಲೆ ತರುವ ಹಕ್ಕಿಗೆ ಗೂಡು ಬೇಕಲ್ಲ, ಚೆನ್ನಾಗಿಯೇ ಇಟ್ಟಿದ್ದಾರೆ.

ಡೆಬಿಯನ್ ಅಥವಾ ಉಬುಂಟುವಿನಲ್ಲಿ ಡವ್‌ಕಾಟ್ ಕೂರಿಸುವುದು ಒಂದು ಸಾಲಿನ ಕೆಲಸ. ಕಮಾಂಡ್ ತೆರೆಯ ಮೇಲಿದೆ, ಬರೆದುಕೊಳ್ಳಿ. ಐಮ್ಯಾಪ್‌ಗೆ ಒಂದು ಪ್ಯಾಕೇಜು, ಪಾಪ್‌ಗೆ ಒಂದು ಪ್ಯಾಕೇಜು. ಪಾಪ್ ಬೇಡವಾದರೆ ಹಾಕಲೇಬೇಡಿ. ಆಮೇಲೆ ಕಾನ್ಫಿಗ್ ಡೈರೆಕ್ಟರಿ ತೆರೆದರೆ ಹತ್ತು ಹನ್ನೆರಡು ಫೈಲುಗಳು, ಪ್ರತಿ ಫೈಲಿನಲ್ಲೂ ಮುಕ್ಕಾಲು ಪಾಲು ಕಾಮೆಂಟು. ಹೊಸಬರು ಇಲ್ಲೇ ಹೆದರುವುದು. ಹೆದರಬೇಡಿ, 'ಡವ್‌ಕಾನ್ಫ್ ಮೈನಸ್ ಎನ್' ಅಂತ ಕೊಡಿ. ಡಿಫಾಲ್ಟ್‌ಗಿಂತ ಬೇರೆಯಾಗಿ ಏನೇನು ಇದೆಯೋ ಅದನ್ನಷ್ಟೇ ತೋರಿಸುತ್ತದೆ. ಯಾರಾದರೂ ನನ್ನ ಹತ್ತಿರ ಸಹಾಯಕ್ಕೆ ಬಂದರೆ ನಾನು ಮೊದಲು ಕೇಳುವುದು ಇದರ ಔಟ್‌ಪುಟ್. ಅದಿಲ್ಲದೆ ಸಮಸ್ಯೆ ಹೇಳುವುದು ನಾಡಿ ತೋರಿಸದೆ ಮದ್ದು ಕೇಳಿದ ಹಾಗೆ.

ಒಂದು ಎಚ್ಚರಿಕೆ. ಡವ್‌ಕಾಟ್ 2.3ಕ್ಕೂ 2.4ಕ್ಕೂ ಕಾನ್ಫಿಗ್ ಹೊಂದುವುದಿಲ್ಲ. 2.4ರಲ್ಲಿ ಫೈಲಿನ ಮೊದಲ ಸೆಟ್ಟಿಂಗೇ ಕಾನ್ಫಿಗ್ ಆವೃತ್ತಿಯ ಘೋಷಣೆ ಆಗಿರಬೇಕು, ಇಲ್ಲದಿದ್ದರೆ ಅದು ಏಳುವುದೇ ಇಲ್ಲ. ಡೆಬಿಯನ್ 13ರಲ್ಲಿ ಇರುವುದು 2.4, ಉಬುಂಟು 24.04ರಲ್ಲಿ ಇನ್ನೂ 2.3. ಇಂಟರ್ನೆಟ್ಟಿನಲ್ಲಿ ಸಿಗುವ ಪಾಠಗಳಲ್ಲಿ ಬಹುಪಾಲು ಹಳೆಯದಕ್ಕೆ ಬರೆದವು. ನಕಲು ಮಾಡುವ ಮುಂಚೆ ನಿಮ್ಮಲ್ಲಿರುವುದು ಯಾವುದು ನೋಡಿಕೊಳ್ಳಿ.

ಈಗ ಆ ಎರಡು ಮನೆತನದ ಜಗಳಕ್ಕೆ ಬರೋಣ. ಪೋಸ್ಟ್‌ಫಿಕ್ಸ್‌ಗೆ ನೀವು ಏನೂ ಹೇಳದಿದ್ದರೆ ಪ್ರತಿ ಬಳಕೆದಾರನ ಮೇಲ್ ಅನ್ನು ಸಿಸ್ಟಂನ ಮೇಲ್ ಡೈರೆಕ್ಟರಿಯಲ್ಲಿ ಒಂದೇ ಉದ್ದನೆಯ ಫೈಲಿಗೆ ಪೋಣಿಸುತ್ತಾ ಹೋಗುತ್ತದೆ. ಇದು ಎಂಬಾಕ್ಸ್ ಪದ್ಧತಿ. ನೀವು ಯಾವುದೋ ಪಾಠ ಓದಿ ಡವ್‌ಕಾಟ್‌ಗೆ ಮಾತ್ರ 'ಮೇಲ್‌ಡಿರ್‌ನಲ್ಲಿ ಹುಡುಕು' ಅಂದಿರುತ್ತೀರಿ. ಮೇಲ್‌ಡಿರ್ ಎಂದರೆ ಮನೆ ಡೈರೆಕ್ಟರಿಯಲ್ಲಿ ಒಂದೊಂದು ಪತ್ರಕ್ಕೆ ಒಂದೊಂದು ಫೈಲು. ಲಾಗಿನ್ ಆಗುತ್ತದೆ, ದೋಷ ಒಂದೂ ಇಲ್ಲ, ಇನ್‌ಬಾಕ್ಸ್ ಮಾತ್ರ ಖಾಲಿ. ಲಾಗ್, ಅಂದರೆ ಪ್ರೋಗ್ರಾಂಗಳು ಬರೆದಿಡುವ ದಿನಚರಿ, ನೋಡಿದರೆ ಪೋಸ್ಟ್‌ಫಿಕ್ಸ್ 'ತಲುಪಿಸಿದೆ' ಅನ್ನುತ್ತದೆ, ಡವ್‌ಕಾಟ್ 'ಏನೂ ಇಲ್ಲ' ಅನ್ನುತ್ತದೆ. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ! ಅವನು ಹಿತ್ತಿಲಿನಲ್ಲಿ ಇಟ್ಟು ಹೋಗಿದ್ದಾನೆ, ಇವನು ಪಡಸಾಲೆಯಲ್ಲಿ ಹುಡುಕುತ್ತಿದ್ದಾನೆ.

ಪೋಸ್ಟ್‌ಫಿಕ್ಸ್‌ನ 'ಹೋಂ ಮೇಲ್‌ಬಾಕ್ಸ್' ಸೆಟ್ಟಿಂಗಿಗೆ ಮೇಲ್‌ಡಿರ್ ಅಂತ ಕೊಟ್ಟರೆ ಸರಿಹೋಗುತ್ತದೆ, ಆದರೆ ಕೊನೆಯಲ್ಲಿ ಒಂದು ಓರೆಗೆರೆ ಇರಬೇಕು. ಆ ಗೆರೆ ಬಿಟ್ಟುಹೋದರೆ ಮೇಲ್‌ಡಿರ್ ಎಂಬ ಹೆಸರಿನಲ್ಲೇ ಮತ್ತೊಂದು ಎಂಬಾಕ್ಸ್ ಫೈಲು ಹುಟ್ಟಿಕೊಳ್ಳುತ್ತದೆ. ಗೆರೆ ಹಾಕಿಯೂ ಕೆಲಸ ಮಾಡಲಿಲ್ಲವೇ? 'ಮೇಲ್‌ಬಾಕ್ಸ್ ಕಮಾಂಡ್' ಅನ್ನುವ ಇನ್ನೊಂದು ಸಾಲು ಅದೇ ಫೈಲಿನಲ್ಲಿ ಇದೆಯಾ ನೋಡಿ. ಅದಿದ್ದರೆ ಹೋಂ ಮೇಲ್‌ಬಾಕ್ಸ್ ಮಾತು ನಡೆಯುವುದಿಲ್ಲ. ನನ್ನ ಅಭಿಪ್ರಾಯ ಕೇಳಿದರೆ ಈ ಪಂಚಾಯ್ತಿಯೇ ಬೇಡ. ಪೋಸ್ಟ್‌ಫಿಕ್ಸ್ ತಾನೇ ಡಿಸ್ಕಿಗೆ ಬರೆಯುವುದನ್ನು ಬಿಡಿಸಿ, ಎಲ್‌ಎಂಟಿಪಿ ಎಂಬ ಹಸ್ತಾಂತರದ ಪ್ರೋಟೋಕಾಲ್ ಮೂಲಕ ಪತ್ರವನ್ನು ಡವ್‌ಕಾಟ್ ಕೈಗೇ ಕೊಡುವ ಹಾಗೆ ಮಾಡಿ. ಇಡುವವನೂ ತೆಗೆಯುವವನೂ ಒಬ್ಬನೇ ಆದ ಮೇಲೆ ಜಾಗದ ಜಗಳ ಇರುವುದಿಲ್ಲ.

ಡವ್‌ಕಾಟ್ ಒಳಗೂ ಒಬ್ಬನೇ ಇಲ್ಲ ಅನ್ನುವುದು ಗೊತ್ತಿರಲಿ. ಬಾಗಿಲಲ್ಲಿ ನಿಲ್ಲುವ ಲಾಗಿನ್ ಪ್ರೋಸೆಸ್ ಬೇರೆ, ಪಾಸ್‌ವರ್ಡ್ ಪರೀಕ್ಷಿಸುವ ಆತ್ ಪ್ರೋಸೆಸ್ ಬೇರೆ, ಬಳಕೆದಾರನ ಹಕ್ಕಿನಲ್ಲೇ ಓಡುವ ಐಮ್ಯಾಪ್ ಪ್ರೋಸೆಸ್ ಬೇರೆ. ಬಾಗಿಲವನನ್ನು ಯಾರಾದರೂ ಮೋಸಗೊಳಿಸಿದರೂ ಒಳಗಿನ ಕಾಗದ ಸಿಗಬಾರದು ಅಂತ ಈ ವ್ಯವಸ್ಥೆ. ನಮಗೆ ಇದರಿಂದ ಇನ್ನೊಂದು ಲಾಭವಿದೆ. ಲಾಗ್‌ನ ಪ್ರತಿ ಸಾಲಿನ ಆರಂಭದಲ್ಲಿ ಯಾರು ಮಾತಾಡುತ್ತಿದ್ದಾರೆ ಅಂತ ಬರೆದಿರುತ್ತದೆ. 'ಐಮ್ಯಾಪ್-ಲಾಗಿನ್' ಅಂದರೆ ತೊಂದರೆ ಬಾಗಿಲಲ್ಲಿ: ನೆಟ್‌ವರ್ಕ್, ಸರ್ಟಿಫಿಕೇಟ್. 'ಆತ್' ಅಂದರೆ ಪಾಸ್‌ವರ್ಡ್ ಅಥವಾ ಬಳಕೆದಾರರ ಪಟ್ಟಿ. 'ಐಮ್ಯಾಪ್' ಪಕ್ಕ ಬಳಕೆದಾರನ ಹೆಸರಿದ್ದರೆ ಅವನು ಒಳಗೆ ಬಂದಾಗಿದೆ, ತೊಂದರೆ ಉಗ್ರಾಣದಲ್ಲಿ: ಫೈಲ್ ಪರ್ಮಿಶನ್, ಡಿಸ್ಕ್. ಲಾಗ್ ಎಲ್ಲಿದೆ ಗೊತ್ತಿಲ್ಲದಿದ್ದರೆ 'ಡವ್‌ಆಡ್ಮ್ ಲಾಗ್ ಫೈಂಡ್' ಹೇಳುತ್ತದೆ. ಡೆಬಿಯನ್ 12ರಿಂದ ಲಾಗ್ ಫೈಲು ಬರೆಯುವ ಆರ್‌ಸಿಸ್‌ಲಾಗ್ ತಾನಾಗಿ ಬರುವುದಿಲ್ಲ, ಹಾಗಾಗಿ ಹಳೆಯ ಮೇಲ್ ಲಾಗ್ ಫೈಲ್ ಹುಡುಕಿ ಸಿಗದಿದ್ದರೆ ಗಾಬರಿಯಾಗದೆ ಸಿಸ್ಟಂನದೇ ಲಾಗ್ ಆದ ಜರ್ನಲ್‌ನಲ್ಲಿ ನೋಡಿ.

ಲಾಗ್ ಸಾಲದಾದಾಗ? ಇಲ್ಲಿಗೆ ಬರಬೇಕು ಅಂತಲೇ ನಾನು ಇಷ್ಟು ಹೊತ್ತು ಕಾದದ್ದು. ಸರ್ವರ್ ಜೊತೆ ನೀವೇ ಮಾತಾಡಿ. ಥಂಡರ್‌ಬರ್ಡ್, ಔಟ್‌ಲುಕ್, ಮೊಬೈಲ್ ಆ್ಯಪ್ ಎಲ್ಲವೂ ದುಭಾಷಿಗಳು. ಸರ್ವರ್ ಕೊಟ್ಟ ಉತ್ತರವನ್ನು ನುಂಗಿ, 'ಸಂಪರ್ಕ ಸಾಧ್ಯವಾಗಲಿಲ್ಲ' ಅಂತ ಒಂದು ಸಪ್ಪೆ ವಾಕ್ಯ ತೋರಿಸುತ್ತವೆ. ಪಾಪ್ ಮತ್ತು ಐಮ್ಯಾಪ್ ಎರಡೂ ಕೀಲಿಮಣೆಯಲ್ಲಿ ಕುಟ್ಟಬಹುದಾದ ಸಾದಾ ಪಠ್ಯದ ಭಾಷೆಗಳು. ಓಪನ್ಎಸ್ಎಸ್ಎಲ್‌ನ ಎಸ್-ಕ್ಲೈಂಟ್ ಎಂಬ, ಗೂಢಲಿಪಿಯ ಸಂಪರ್ಕ ತೆರೆದುಕೊಡುವ ಕಮಾಂಡ್ ಹಿಡಿದು ಪಾಪ್‌ಗೆ 995, ಐಮ್ಯಾಪ್‌ಗೆ 993ನೇ ಪೋರ್ಟಿಗೆ ಹೋಗಿ.

ಪಾಪ್‌ನಲ್ಲಿ 'ಯೂಸರ್' ಅಂತ ಹೆಸರು ಕೊಡಿ, 'ಪಾಸ್' ಅಂತ ಗುಟ್ಟು ಕೊಡಿ. ಸರಿಯಿದ್ದರೆ 'ಪ್ಲಸ್ ಓಕೆ' ಬರುತ್ತದೆ. 'ಸ್ಟಾಟ್' ಅಂದರೆ ಎಷ್ಟು ಪತ್ರ, ಎಷ್ಟು ಬೈಟ್ ಅಂತ ಎರಡೇ ಅಂಕಿ. ಪೆಟ್ಟಿಗೆ ಖಾಲಿಯೋ ಅಲ್ಲವೋ ಅನ್ನುವ ವಾದ ಅಲ್ಲಿಗೆ ಮುಗಿಯಿತು. ಐಮ್ಯಾಪ್‌ನಲ್ಲಿ ಪ್ರತಿ ಆಜ್ಞೆಯ ಮುಂದೆ 'ಎ1', 'ಎ2' ಅಂತ ನಿಮ್ಮದೊಂದು ಗುರುತು ಇರಬೇಕು. ಯಾವ ಪ್ರಶ್ನೆಗೆ ಯಾವ ಉತ್ತರ ಅಂತ ಸರ್ವರ್ ಅದರಿಂದಲೇ ಹೇಳುತ್ತದೆ.

ಇಲ್ಲೊಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. ಎಸ್-ಕ್ಲೈಂಟ್‌ನಲ್ಲಿ ಸಾಲಿನ ಮೊದಲಲ್ಲಿ ದೊಡ್ಡಕ್ಷರದ 'ಆರ್' ಬಂದರೆ ಅದು ಓಪನ್ಎಸ್ಎಸ್ಎಲ್‌ಗೆ ಕೊಟ್ಟ ಆಜ್ಞೆ, ಸರ್ವರ್‌ಗೆ ಹೋಗುವುದಿಲ್ಲ. ಪತ್ರ ತರಿಸಲು ದೊಡ್ಡಕ್ಷರದಲ್ಲಿ 'ರೆಟ್ರ್' ಅಂತ ಕುಟ್ಟಿ, ಪತ್ರ ಬಾರದೆ, ಸರ್ವರ್ ಕೆಟ್ಟಿದೆ ಅಂತ ಅರ್ಧ ದಿನ ಬೈದುಕೊಂಡಿದ್ದೆ. ದೊಡ್ಡಕ್ಷರದ 'ಕ್ಯೂ' ಇನ್ನೂ ಮೋಸ, ಸಂಪರ್ಕವನ್ನೇ ಕಡಿದುಬಿಡುತ್ತದೆ. ಪಾಪ್‌ನಲ್ಲಿ ಅಳಿಸು ಅಂದ ಪತ್ರಗಳು ನಿಜಕ್ಕೂ ಅಳಿಯುವುದು 'ಕ್ವಿಟ್' ಸರ್ವರನ್ನು ತಲುಪಿದ ಮೇಲೆ ಮಾತ್ರ. ಹಾಗಾಗಿ ನೀವು ಅಳಿಸಿದ್ದು ಅಳಿದಿರುವುದಿಲ್ಲ. ಸಣ್ಣಕ್ಷರದಲ್ಲಿ ಕುಟ್ಟಿ, ಅಥವಾ 'ಮೈನಸ್ ಕ್ವಯಟ್' ಹಾಕಿಕೊಳ್ಳಿ.

ಇದೇ ದಾರಿಯಲ್ಲಿ ಸರ್ಟಿಫಿಕೇಟ್ ಕೂಡ ಕಣ್ಣಿಗೆ ಬೀಳುತ್ತದೆ. ಪುಕ್ಕಟೆ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ 90 ದಿನದ ಸರ್ಟಿಫಿಕೇಟ್ ತಂದು, ತಾನೇ ನವೀಕರಣವಾಗುವ ಹಾಗೆ ಮಾಡಿ ಮರೆತುಬಿಟ್ಟಿರುತ್ತೀರಿ. ಡಿಸ್ಕಿನಲ್ಲಿ ಹೊಸದು ಬಂದು ತಿಂಗಳಾಗಿರುತ್ತದೆ. ಡವ್‌ಕಾಟ್ ಮಾತ್ರ ತಾನು ಎದ್ದಾಗ ಓದಿದ ಹಳೆಯದನ್ನೇ ಹಿಡಿದು ಕೂತಿರುತ್ತದೆ. ಒಂದು ಬೆಳಿಗ್ಗೆ ಎಲ್ಲರ ಮೊಬೈಲಿನಲ್ಲೂ ಒಟ್ಟಿಗೆ ಎಚ್ಚರಿಕೆ. ಫೈಲ್ ತೆರೆದು ತಾರೀಖು ನೋಡಿದರೆ ಎಲ್ಲವೂ ಸರಿ! ನೋಡಬೇಕಾದ್ದು ಫೈಲನ್ನಲ್ಲ, 993ರಲ್ಲಿ ಸರ್ವರ್ ಈಗ ಏನು ತೋರಿಸುತ್ತಿದೆ ಎಂಬುದನ್ನು. ನವೀಕರಣದ ಕೊನೆಯಲ್ಲಿ ಡವ್‌ಕಾಟ್ ರಿಲೋಡ್ ಆಗುವ ಹಾಗೆ ಒಂದು ಹುಕ್ (ತಾನಾಗಿ ಓಡುವ ಕಮಾಂಡ್) ಸೇರಿಸಿ. 2.3ರವರಿಗೆ ಇನ್ನೊಂದು: ಸರ್ಟಿಫಿಕೇಟ್ ಫೈಲಿನ ದಾರಿಯ ಮುಂದೆ 'ಲೆಸ್ ದ್ಯಾನ್' ಚಿಹ್ನೆ ಬೇಕೇಬೇಕು. ಅದು ಬಿಟ್ಟರೆ ಆ ದಾರಿಯ ಹೆಸರನ್ನೇ ಸರ್ಟಿಫಿಕೇಟ್ ಅಂದುಕೊಳ್ಳುತ್ತದೆ.

ನಾನು ಮಾಡಿದ ಅತಿ ದೊಡ್ಡ ತಪ್ಪನ್ನೂ ಹೇಳಿಬಿಡುತ್ತೇನೆ. ಒಂದು ಕಚೇರಿಯ ಹಳೆಯ ಸರ್ವರ್‌ನಿಂದ ಡವ್‌ಕಾಟ್‌ಗೆ ಭಾನುವಾರ ಎಲ್ಲವನ್ನೂ ಸಾಗಿಸಿದೆ. ಪತ್ರ ಒಂದೂ ಕಳೆಯಲಿಲ್ಲ, ಬೀಗುತ್ತಾ ಮನೆಗೆ ಹೋದೆ. ಸೋಮವಾರ ಲೆಕ್ಕಪತ್ರ ವಿಭಾಗದ ಅಕ್ಕನ ಫೋನು. "ಮೇಲ್ ಬರ್ತಿಲ್ಲ" ಅನ್ನಲಿಲ್ಲ ಅವರು. "ಮೇಲ್ ನಿಲ್ತಾನೇ ಇಲ್ಲ, ಹಳೇದೆಲ್ಲ ಮತ್ತೆ ಬರ್ತಿದೆ ಕಣಪ್ಪಾ" ಅಂದರು. ಪಾಪ್ ಬಳಸುವವರ ಕಂಪ್ಯೂಟರ್ ಪ್ರತಿ ಪತ್ರಕ್ಕೂ ಸರ್ವರ್ ಕೊಟ್ಟ ಗುರುತು ಸಂಖ್ಯೆಯನ್ನು ನೆನಪಿಟ್ಟುಕೊಂಡಿರುತ್ತದೆ. ಸರ್ವರ್ ಬದಲಾದಾಗ ಆ ಸಂಖ್ಯೆ ಬೇರೆಯಾಯಿತು, ಅವರ ಕಂಪ್ಯೂಟರಿಗೆ ಎಲ್ಲವೂ ಹೊಸ ಪತ್ರ. ಸಾವಿರಗಟ್ಟಲೆ. ಹಳೆಯ ಸರ್ವರ್‌ನ ಗುರುತಿನ ರೂಪವನ್ನೇ ಮುಂದುವರಿಸಲು ಡವ್‌ಕಾಟ್‌ನಲ್ಲಿ 'ಪಾಪ್3 ಯುಐಡಿಎಲ್ ಫಾರ್ಮ್ಯಾಟ್' ಎಂಬ ಸೆಟ್ಟಿಂಗ್ ಇದೆ. ಸಾಗಿಸುವ ಮೊದಲು ಓದಬೇಕಿತ್ತು, ಆಮೇಲೆ ಓದಿದೆ.

ಇದಕ್ಕೇ ಸೇರಿದ ಮಾತು: ಮೇಲ್‌ಡಿರ್‌ನಲ್ಲಿ ಪತ್ರಗಳ ಸೂಚಿಯಾದ ಇಂಡೆಕ್ಸ್ ಕೆಟ್ಟಿದೆ ಅನ್ನಿಸಿದಾಗ ಡವ್‌ಕಾಟ್ ಹೆಸರಿನ ಫೈಲುಗಳನ್ನೆಲ್ಲ ಒಟ್ಟಿಗೆ ಅಳಿಸುವ ಅಭ್ಯಾಸ ಕೆಲವರಿಗಿದೆ. ಇಂಡೆಕ್ಸ್ ಮತ್ತು ಕ್ಯಾಶ್ ಹೋದರೆ ಅದು ಮತ್ತೆ ಕಟ್ಟಿಕೊಳ್ಳುತ್ತದೆ. 'ಯುಐಡಿಲಿಸ್ಟ್' ಎಂಬ ಫೈಲನ್ನು ಮಾತ್ರ ಮುಟ್ಟಬೇಡಿ. ಪತ್ರಗಳ ಗುರುತು ಸಂಖ್ಯೆ ಇರುವುದು ಅದರಲ್ಲೇ. ಮೊದಲು 'ಡವ್‌ಆಡ್ಮ್ ಫೋರ್ಸ್-ರೀಸಿಂಕ್' ಓಡಿಸಿ ನೋಡಿ.

ಇನ್ನು 'ಮೊಬೈಲಲ್ಲಿ ನೋಡಿದ್ದ ಮೇಲ್ ಮಾಯ ಆಯ್ತು' ಅನ್ನುವ ದೂರು. ಹತ್ತಕ್ಕೆ ಎಂಟು ಸಲ ಮನೆಯ ಹಳೇ ಡೆಸ್ಕ್‌ಟಾಪು ಪಾಪ್‌ನಲ್ಲಿದ್ದು, ಎಳೆದುಕೊಂಡು ಸರ್ವರ್‌ನಿಂದ ಅಳಿಸುತ್ತಿರುತ್ತದೆ. ಬಾಯಿಮಾತಿಗೆ ಅವರು ಒಪ್ಪುವುದಿಲ್ಲ. ಡವ್‌ಕಾಟ್ ಪ್ರತಿ ಪಾಪ್ ಲಾಗೌಟ್ ಸಾಲಿನಲ್ಲಿ ಎಷ್ಟು ತರಿಸಿದ, ಒಟ್ಟಿನಲ್ಲಿ ಎಷ್ಟು ಅಳಿಸಿದ ಅಂತ ಬರೆದಿಡುತ್ತದೆ. ಆ ಸಾಲನ್ನೇ ತೋರಿಸಿ.

ಕೆಲವು ಚಿಕ್ಕವು. ಒಂದೇ ಐಪಿಯಿಂದ ಒಬ್ಬ ಬಳಕೆದಾರನಿಗೆ ಡಿಫಾಲ್ಟ್ ಮಿತಿ 10 ಸಂಪರ್ಕ. ಥಂಡರ್‌ಬರ್ಡ್ ಒಂದೇ 5 ಹಿಡಿಯುತ್ತದೆ, ಲ್ಯಾಪ್‌ಟಾಪು, ಡೆಸ್ಕ್‌ಟಾಪು, ಮೊಬೈಲು ಸೇರಿದರೆ ಮಿತಿ ದಾಟಿತು. ಡಿಸ್ಕಿನಲ್ಲಿ ಜಾಗ ಇದ್ದೂ 'ಜಾಗ ಇಲ್ಲ' ಅಂದರೆ ಐನೋಡ್ ಲೆಕ್ಕ, ಅಂದರೆ ಡಿಸ್ಕು ಎಷ್ಟು ಫೈಲು ಹಿಡಿಯಬಲ್ಲದು ಅನ್ನುವ ಮಿತಿ, ನೋಡಿ, ಮೇಲ್‌ಡಿರ್‌ನಲ್ಲಿ ಪತ್ರಕ್ಕೊಂದು ಫೈಲಲ್ಲವೇ. ಪರ್ಮಿಶನ್ ಎಲ್ಲ ಸರಿಯಿದ್ದೂ ಆಲ್ಮಾಲಿನಕ್ಸ್‌ನಂಥದ್ದರಲ್ಲಿ ತಿರಸ್ಕಾರ ಬಂದರೆ ಎಸ್ಇಲಿನಕ್ಸ್ ಎಂಬ ಹೆಚ್ಚುವರಿ ಕಾವಲು ಇರಬಹುದು. ಅದನ್ನು ಆಫ್ ಮಾಡಬೇಡಿ, ಫೈಲುಗಳ ಮೇಲೆ ಅದು ನೋಡುವ ಲೇಬಲ್ ಸರಿಮಾಡಿ.

ಕನ್ನಡದಲ್ಲಿ ಫೋಲ್ಡರ್ ಹೆಸರಿಡುವವರಿಗಾಗಿ ಒಂದು ವಿಷಯ ಉಳಿಸಿಕೊಂಡಿದ್ದೆ. ನೀವು 'ಪತ್ರಗಳು' ಅಂತ ಫೋಲ್ಡರ್ ಮಾಡಿ ಸರ್ವರ್‌ನ ಡಿಸ್ಕಿನಲ್ಲಿ ನೋಡಿದರೆ ಆ ಹೆಸರು ಸಿಗದೇ ಇರಬಹುದು. ಹಳೆಯ ಐಮ್ಯಾಪ್ ನಿಯಮದಲ್ಲಿ ಇಂಗ್ಲಿಷೇತರ ಹೆಸರುಗಳು ಮಾರ್ಪಡಿಸಿದ ಯುಟಿಎಫ್-7 ಎಂಬ ಸಂಕೇತ ರೂಪದಲ್ಲಿ ಹೋಗುತ್ತವೆ. ಆ್ಯಂಪರ್ಸಂಡ್ ಚಿಹ್ನೆಯಿಂದ ಶುರುವಾಗಿ ಗೊಂದಲದ ಅಕ್ಷರಗಳ ಸಾಲು. ಹ್ಯಾಕ್ ಆಗಿದೆ ಅಂತ ಒಬ್ಬರು ಅದನ್ನು ಅಳಿಸಿದ್ದನ್ನು ಕಂಡಿದ್ದೇನೆ. ಗುರುತಿಸುವುದು ಸುಲಭ. ಯೂನಿಕೋಡ್‌ನಲ್ಲಿ ಕನ್ನಡದ ಜಾಗ ಎಲ್ಲಿದೆಯೋ ಅದರಿಂದಾಗಿ ಕನ್ನಡ ಅಕ್ಷರದಿಂದ ಶುರುವಾಗುವ ಹೆಸರು ಆ್ಯಂಪರ್ಸಂಡ್ ಆದ ಮೇಲೆ ಇಂಗ್ಲಿಷಿನ 'ಡಿ' ಅಕ್ಷರದಿಂದಲೇ ಆರಂಭವಾಗುತ್ತದೆ. ಎರಡನೆಯದು 'ಅ'ಕಾರಕ್ಕೆ 'ಐ', 'ಕ'ಕಾರಕ್ಕೆ 'ಜೆ', 'ಪ'ಕಾರಕ್ಕೆ 'ಕೆ', 'ಹ'ಕಾರಕ್ಕೆ 'ಎಲ್'. ಪತ್ರಗಳು ಎಂಬ ಫೋಲ್ಡರ್ ಹುಡುಕುತ್ತಿದ್ದರೆ 'ಡಿಕೆ' ಇರುವಲ್ಲಿ ನೋಡಿ.

ಈಗ ಲ್ಯಾಪ್‌ಟಾಪ್ ತೆರೆಯಿರಿ. ತೆರೆಯ ಮೇಲಿನ ವಿಳಾಸದಲ್ಲಿ ಒಂದು ಸರ್ವರ್ ಇಟ್ಟಿದ್ದೇನೆ, ಅದರಲ್ಲಿ ಬೇಕೆಂದೇ ಮೂರು ಕಡೆ ಕೆಡಿಸಿದ್ದೇನೆ. ಮೇಲ್ ಆ್ಯಪ್ ಮುಟ್ಟುವ ಹಾಗಿಲ್ಲ. 993ಕ್ಕೆ ಹೋಗಿ, ಮೊದಲು ಅದು ಏನು ಹೇಳುತ್ತದೆ ಕೇಳಿಕೊಂಡು ಬನ್ನಿ.